ಜಗಲಿಯಿಂದ ಕುರ್ಚಿಗೆ: ಹುಣಸೂರು ಸೀಮೆಯ ಕ್ಷೌರದಂಗಡಿಯ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಕ್ಷೌರದಂಗಡಿಗೆ ಜನರ ಬಾಯಲ್ಲಿರುವ ಹೆಸರು ‘ಕಟಿಂಗ್ ಶಾಪು’. ಬಸ್ ನಿಲ್ದಾಣದ ಮಗ್ಗುಲಲ್ಲೋ ಸಂತೆ ಬೀದಿಯ ತಿರುವಿನಲ್ಲೋ ಇರುವ ಹತ್ತಡಿಯ ಕೋಣೆ, ಎದುರುಬದುರು ಎರಡು ಕನ್ನಡಿ, ತಲೆ ಆನಿಸಲು ಹಲಗೆ ಇರುವ ಮರದ ಕುರ್ಚಿ, ಗೋಡೆಗೊರಗಿದ ಒಂದು ಬೆಂಚು. ಮಧ್ಯವಯಸ್ಸು ದಾಟಿದ ಗಂಡಸರ ನೆನಪಿನಲ್ಲಿ ಈ ಅಂಗಡಿಗೆ ವಿಶೇಷ ಜಾಗವಿದೆ. ಊರಿನ ಸುದ್ದಿ ಅಲ್ಲಿ ಸಿಗುತ್ತಿತ್ತು, ಪತ್ರಿಕೆ ಪುಕ್ಕಟೆಯಾಗಿ ಓದಲು ದೊರೆಯುತ್ತಿತ್ತು, ಸರದಿ ಬರುವವರೆಗೆ ಕಾಯುವುದೂ ಹೊತ್ತು ಕಳೆಯುವ ಒಂದು ಸುಖವಾಗಿತ್ತು. ಆದರೆ ಈಗ ‘ಹಳೆಯ ಕಾಲದ್ದು’ ಎಂದು ಹಂಬಲಿಸುವ ಈ ಅಂಗಡಿ ಅಷ್ಟೇನೂ ಹಳೆಯದಲ್ಲ. ಅದಕ್ಕಿಂತ ಬಹು ಹಿಂದಿನ ಮತ್ತೊಂದು ವ್ಯವಸ್ಥೆಯನ್ನು ಬಿಟ್ಟು ಹೊರಬಂದಾಗಲೇ ಅದು ಹುಟ್ಟಿತು. ಕುರ್ಚಿಯಲ್ಲಿ ಕೂತವನ ನೆನಪು ಒಂದಾದರೆ, ಅದರ ಹಿಂದೆ ದಿನವಿಡೀ ನಿಂತವನ ನೆನಪು ಇನ್ನೊಂದು. ಈ ಸಂಸ್ಥೆಯ ಚರಿತ್ರೆಗೆ ಎರಡೂ ಬೇಕು.

ವೃತ್ತಿಗೆ ಕನ್ನಡದಲ್ಲಿರುವ ಹೆಸರುಗಳೇ ಅದರ ಹಲವು ಮುಖಗಳನ್ನು ಹೇಳುತ್ತವೆ. ಸಂಸ್ಕೃತದ ನಾಪಿತ ಶಬ್ದಕ್ಕೆ ನಂಟಿರುವ ನಾವಿದ, ನಾವಿ, ನಾಯಿಂದ ಎಂಬ ರೂಪಗಳಲ್ಲಿ ಹಳೆ ಮೈಸೂರು ಸೀಮೆಯಲ್ಲಿ ನಿಂತದ್ದು ‘ನಾಯಿಂದ’. ಮೈಸೂರು ಸಂಸ್ಥಾನದ ಜನಾಂಗ ವಿವರಣೆಗಳಲ್ಲಿ ಸಮುದಾಯ ದಾಖಲಾಗಿರುವುದೂ ಈ ಹೆಸರಿನಲ್ಲೇ. ಕೆಲಸಿ, ಭಜಂತ್ರಿ, ಕರಾವಳಿಯ ಭಂಡಾರಿ, ಉತ್ತರ ಕರ್ನಾಟಕದ ಹಡಪದ ಇವು ಬೇರೆ ಬೇರೆ ಕಡೆಯ ಹೆಸರುಗಳು. ‘ಹಜಾಮ’ ಅರಬ್ಬಿಯ ಹಜ್ಜಾಮ್ ಶಬ್ದದಿಂದ ಬಂದದ್ದು. ಅದರ ಮೂಲಾರ್ಥ ಕೂದಲು ಕತ್ತರಿಸುವವನು ಎಂದಲ್ಲ, ಕೊಂಬು ಇಟ್ಟು ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕ ಎಂದು. ವೈದ್ಯನ ಹೆಸರು ಕನ್ನಡದಲ್ಲಿ ಬೈಗುಳವಾಗಿ ಇಳಿದದ್ದು ಭಾಷೆಯ ಚರಿತ್ರೆಯ ಒಂದು ನೋವಿನ ಸಂಗತಿ. ಸಮುದಾಯ ಇಂದು ಆ ಪದವನ್ನು ಒಪ್ಪುವುದಿಲ್ಲ. ಸೂರ್ಯನ ಹೆಸರಾದ ‘ಸವಿತಾ’ವನ್ನು ತನ್ನದಾಗಿ ಮಾಡಿಕೊಂಡಿದೆ. ಸವಿತಾ ಮಹರ್ಷಿ ಜಯಂತಿ ನಡೆಯುವುದು ರಥಸಪ್ತಮಿಯ ದಿನ.

ಚಿಕಿತ್ಸೆಯ ನಂಟು ಅರಬ್ ನಾಡಿಗಷ್ಟೇ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ 1540ರಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾಗಿ, 1745ರಲ್ಲಿ ಬೇರೆಯಾದರು. ತಮಿಳು ಸೀಮೆಯಲ್ಲಿ ಈ ಸಮುದಾಯಕ್ಕೆ ‘ಮರುತ್ತುವರ್’, ಅಂದರೆ ವೈದ್ಯರು, ಎಂಬ ಹೆಸರೇ ಇದೆ. ಕುರು ಕೊಯ್ಯುವುದು, ಒಳಮುಖವಾಗಿ ಬೆಳೆದ ಉಗುರು ತೆಗೆಯುವುದು, ಕಿವಿಯ ಗುಗ್ಗೆ ತೆಗೆಯುವುದು, ಉಳುಕಿಗೆ ನೀವುವುದು ಕನ್ನಡದ ಹಳ್ಳಿಗಳಲ್ಲೂ ಕತ್ತಿ ಹಿಡಿದವನ ಕೆಲಸಗಳೇ ಆಗಿದ್ದವು.

ಈ ವೃತ್ತಿಯ ಕನ್ನಡ ಚರಿತ್ರೆಯಲ್ಲಿ ಎರಡು ಹೆಸರುಗಳು ಎದ್ದು ಕಾಣುತ್ತವೆ. 12ನೇ ಶತಮಾನದ ಕಲ್ಯಾಣದ ಹಡಪದ ಅಪ್ಪಣ್ಣ ಮೊದಲಿನವನು. ಹಡಪವೆಂದರೆ ಎಲೆಅಡಿಕೆಯ ಚೀಲವೂ ಹೌದು, ಕ್ಷೌರಿಕನ ಸಾಮಾನಿನ ಚೀಲವೂ ಹೌದು. ಬಸವಣ್ಣನ ಆಪ್ತನಾಗಿದ್ದ ಅಪ್ಪಣ್ಣನೂ ಅವನ ಹೆಂಡತಿ ಲಿಂಗಮ್ಮನೂ ಇಬ್ಬರೂ ವಚನಕಾರರು. ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂಬ ಲಿಂಗಮ್ಮನ ಅಂಕಿತದಲ್ಲಿ ಗಂಡನ ಹೆಸರೇ ಸೇರಿಕೊಂಡಿದೆ. ಎರಡನೆಯವನು ವಿಜಯನಗರದ ಸದಾಶಿವರಾಯನ ಕಾಲದ ಕೊಂಡೋಜ. ಅವನ ಕೈಚಳಕಕ್ಕೆ ಮೆಚ್ಚಿದ ಅಳಿಯ ರಾಮರಾಯ ಕ್ಷೌರಿಕರ ಮೇಲಿನ ತೆರಿಗೆಯನ್ನು ಬಿಡಿಸಿದ ವಿಷಯವನ್ನು ಬಾದಾಮಿಯೂ ಸೇರಿ ಹಲವೆಡೆಯ 1540ರ ದಶಕದ ಶಾಸನಗಳು ಹೇಳುತ್ತವೆ. ಒಬ್ಬ ಕುಶಲಕರ್ಮಿಯ ಹೆಸರಿನಲ್ಲಿ ಇಡೀ ಕಸುಬಿನವರಿಗೆ ಕರವಿನಾಯಿತಿ ಸಿಕ್ಕಿ, ಅದು ಕಲ್ಲಿನ ಮೇಲೆ ಉಳಿದದ್ದು ಅಪರೂಪ. ಆ ವಿನಾಯಿತಿಯೇ ಇನ್ನೊಂದು ಮಾತನ್ನೂ ಹೇಳುತ್ತದೆ: ಅದಕ್ಕೆ ಮೊದಲು, ಕತ್ತಿ ಕತ್ತರಿ ಬಿಟ್ಟರೆ ಬೇರೆ ಆಸ್ತಿಯಿಲ್ಲದವರ ಮೇಲೂ ತೆರಿಗೆಯ ಹೊರೆ ಇತ್ತು.

ಹಳ್ಳಿಯ ಮಟ್ಟದಲ್ಲಿ ಕಸುಬು ನಡೆದದ್ದು ಆಯಗಾರ ಪದ್ಧತಿಯೊಳಗೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರು ಚರಿತ್ರೆಯಲ್ಲಿ ಊರಿನ ಹನ್ನೆರಡು ಆಯಗಾರರ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸರ ಜೊತೆಗೆ ಕ್ಷೌರಿಕನೂ ಅದರಲ್ಲಿದ್ದಾನೆ. ತಲೆಗಿಷ್ಟು ಎಂದು ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಒಕ್ಕಲು ಅಳೆದು ಕೊಟ್ಟ ದವಸವೇ ವರ್ಷದ ಆಯ. ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಬೆದ್ದಲು ಊರುಗಳಲ್ಲಿ ಅದು ಹೆಚ್ಚಾಗಿ ರಾಗಿ. ಕಾವೇರಿಯ ಕಾಲುವೆ ನೀರುಂಡು ಜಿಲ್ಲೆಯ ಭತ್ತದ ಕಣಜವೆನಿಸಿದ ಕೆ.ಆರ್. ನಗರದ ಬಯಲಿನಲ್ಲಿ ಭತ್ತ ಮತ್ತು ಹುಲ್ಲು. ಯಾವ ಮನೆ ಯಾವ ಕ್ಷೌರಿಕನ ಪಾಲಿಗೆ ಎಂಬುದು ತಲೆಮಾರುಗಳಿಂದ ಗೊತ್ತಾಗಿತ್ತು. ಅಣ್ಣತಮ್ಮಂದಿರು ಪಾಲಾದರೆ ಹೊಲ ಹಂಚಿಕೊಳ್ಳುವಂತೆ ಒಕ್ಕಲು ಮನೆಗಳನ್ನೂ ಹಂಚಿಕೊಳ್ಳುತ್ತಿದ್ದರು.

ಈ ಪದ್ಧತಿಯ ಬಗೆಗೆ ಪಕ್ಕದ ಮಂಡ್ಯ ಸೀಮೆಯಿಂದ ಒಂದು ಮುಖ್ಯ ಅಧ್ಯಯನವಿದೆ. ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಎರಡು ಹಳ್ಳಿಗಳಲ್ಲಿ ನೆಲೆಸಿ, ಅವಕ್ಕೆ ವಂಗಲ, ದಲೇನ ಎಂಬ ಮರೆಹೆಸರು ಕೊಟ್ಟು 1962ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದರು. ಬೆಳೆ ಚೆನ್ನಾಗಿ ಬಂದರೂ ಬರದಿದ್ದರೂ ಕಸುಬಿನವರಿಗೆ ಸಲ್ಲುವ ದವಸದ ಪ್ರಮಾಣ ನಿಗದಿಯಾಗಿರುತ್ತಿತ್ತು ಎಂಬುದು ಅವರು ಎತ್ತಿ ತೋರಿಸಿದ ಅಂಶ. ಬರಗಾಲದಲ್ಲಿ ಅದು ಹೊಟ್ಟೆ ಕಾಯುತ್ತಿತ್ತು, ಸಮೃದ್ಧಿಯ ವರ್ಷದಲ್ಲಿ ಹೆಚ್ಚಿನ ಪಾಲೆಲ್ಲ ಒಕ್ಕಲಿಗೇ ಉಳಿಯುತ್ತಿತ್ತು. ಆಯವನ್ನು ಊರಿನ ಒಗ್ಗಟ್ಟಿನ ಸಂಕೇತವೆಂದು ಹೊಗಳುವವರು ಈ ಎರಡನೆಯ ಭಾಗವನ್ನು ಮರೆಯುತ್ತಾರೆ.

ಆಗ ಕ್ಷೌರಕ್ಕೆ ಅಂಗಡಿಯೇ ಇರಲಿಲ್ಲ. ಹಡಪ ಹೆಗಲಿಗೇರಿಸಿ ಕ್ಷೌರಿಕನೇ ಮನೆಗೆ ಹೋಗುತ್ತಿದ್ದ. ಜಗಲಿಯ ಕೆಳಗೆ, ಹಿತ್ತಲಿನಲ್ಲಿ ಇಲ್ಲವೇ ಹೊಂಗೆಮರದ ನೆರಳಿನಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಎದುರುಬದುರು ಕೂರಬೇಕು. ಚೀಲದಲ್ಲಿ ಕತ್ತಿ, ಕತ್ತರಿ, ಸಾಣೆಕಲ್ಲು, ಕತ್ತಿ ಮಸೆಯುವ ಚರ್ಮದ ಪಟ್ಟಿ, ಉಗುರು ತೆಗೆಯುವ ಉಳಿ, ಚಿಮಟ, ನೀರಿನ ಬಟ್ಟಲು, ಕೈಗನ್ನಡಿ. ಸಾಬೂನಿನ ನೊರೆ ಬರುವ ಮೊದಲು ಬರಿಯ ನೀರಿನಲ್ಲೇ ಗಡ್ಡ ನೆನೆಸಿ ತಿಕ್ಕುತ್ತಿದ್ದರು. ಕ್ಷೌರವಾದವನು ಯಾರನ್ನೂ ಮುಟ್ಟದೆ ಸ್ನಾನಕ್ಕೆ ಹೋಗಬೇಕಾಗಿತ್ತು. ಮಂಗಳವಾರ, ಅಮಾವಾಸ್ಯೆ, ಏಕಾದಶಿ, ಹುಟ್ಟಿದ ವಾರ, ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತು ನಿಷಿದ್ಧ. ಮುಖಕ್ಕೆ ಮುಖ ಕೊಟ್ಟು ಗಂಟಲ ಮೇಲೆ ಕತ್ತಿ ಆಡಿಸುವಷ್ಟು ನಂಬಿಕೆ ಇದ್ದೂ, ಅದೇ ಕೈ ಸೋಕಿದ್ದಕ್ಕೆ ಮೈಲಿಗೆ ಕಳೆಯುವ ಸ್ನಾನ. ಆಯಗಾರ ಕಾಲದ ಸಂಬಂಧದ ತಿರುಳು ಇಲ್ಲಿದೆ.

ಶುಭ ಅಶುಭಗಳ ಲೆಕ್ಕದಲ್ಲಿ ಈ ಬಿರುಕು ಇನ್ನೂ ಎದ್ದು ಕಾಣುತ್ತದೆ. ಮಗುವಿನ ಮೊದಲ ಕೂದಲು ತೆಗೆಯಲು ನಾಯಿಂದರವನು ಬೇಕು. ಮದುವೆಯಲ್ಲಿ ಉಗುರು ತೆಗೆಯುವ ಶಾಸ್ತ್ರ ಅವನಿಲ್ಲದೆ ಆಗದು. ಹಳೆ ಮೈಸೂರು ಸೀಮೆಯಲ್ಲಿ ವಾಲಗ ಊದುವವರಲ್ಲಿ ಬಹುಪಾಲು ಇದೇ ಸಮುದಾಯದವರು. ನಾಗಸ್ವರ, ಡೋಲು, ಶ್ರುತಿ, ತಾಳ ಇಲ್ಲದೆ ತಾಳಿ ಕಟ್ಟುವ ಮುಹೂರ್ತವೇ ಇಲ್ಲ. ಭಜಂತ್ರಿ ಎಂಬ ಹೆಸರು ಬಂದದ್ದು ಈ ವಾದ್ಯದಿಂದ. ಬೇಸಿಗೆಯ ಲಗ್ನದ ತಿಂಗಳುಗಳಲ್ಲಿ ವಾಲಗ, ಉಳಿದಂತೆ ಕತ್ತಿ, ಹೀಗೆ ಒಂದೇ ಮನೆಯಲ್ಲಿ ಎರಡು ಕಸುಬು. ಆಷಾಢದಲ್ಲಿ ಮದುವೆಯಿಲ್ಲದೆ ವಾದ್ಯ ಗೂಟಕ್ಕೆ ತೂಗುತ್ತಿತ್ತು. ಮಂಗಳವಾದ್ಯ ನುಡಿಸುವ ಮನುಷ್ಯನೇ ಹಡಪ ಹಿಡಿದು ಬೆಳಿಗ್ಗೆ ಎದುರಾದರೆ ಅಪಶಕುನ ಎಂಬ ನಂಬಿಕೆ ಅದೇ ಊರುಗಳಲ್ಲಿತ್ತು. ಸಾವಿನ ಮನೆಯಲ್ಲಿ ಗಂಡುಮಕ್ಕಳ ತಲೆ ಬೋಳಿಸುವುದು ಅವನ ಪಾಲಿಗೇ ಬಂದ ಕೆಲಸವಾದ್ದರಿಂದ ಆ ನಂಬಿಕೆ ಬೆಳೆದಿರಬೇಕು. ಬ್ರಾಹ್ಮಣ ವಿಧವೆಯರ ಕೇಶಮುಂಡನವೆಂಬ ಕ್ರೂರ ಪದ್ಧತಿಯಲ್ಲೂ ಕತ್ತಿ ಹಿಡಿಯಬೇಕಾದವನು ಅವನೇ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯೂ ಅದನ್ನು ಆಧರಿಸಿ ಪ್ರೇಮಾ ಕಾರಂತ್ ನಿರ್ದೇಶಿಸಿದ ಚಲನಚಿತ್ರವೂ ಆ ಪದ್ಧತಿಯ ನೋವನ್ನು ಕನ್ನಡಿಗರ ಮುಂದಿಟ್ಟವು. ವಿಧವೆಯದಾಗಲಿ ಕ್ಷೌರಿಕನದಾಗಲಿ ಇಚ್ಛೆಯನ್ನು ಅಲ್ಲಿ ಕೇಳಿದವರಿರಲಿಲ್ಲ.

ದೇವರಿಗೆ ಮುಡಿ ಕೊಡುವುದು ಇದರ ಇನ್ನೊಂದು ಕವಲು. ಈ ತಾಲ್ಲೂಕುಗಳ ಜನ ಹರಕೆಯ ಮುಡಿಗೆ ನಂಜನಗೂಡಿನ ಶ್ರೀಕಂಠೇಶ್ವರನಿಗೂ ಮಲೆ ಮಹದೇಶ್ವರ ಬೆಟ್ಟಕ್ಕೂ ಹೋಗುವುದು ವಾಡಿಕೆ. ಪಿರಿಯಾಪಟ್ಟಣ ತಾಲ್ಲೂಕಿನದೇ ಬೈಲಕುಪ್ಪೆಯಲ್ಲಿ ಇದಕ್ಕೆ ಪೂರಾ ಬೇರೆಯಾದ ಲೋಕವೊಂದಿದೆ. 1960ರ ದಶಕದ ಆರಂಭದಿಂದ ಅಲ್ಲಿ ನೆಲೆಯೂರಿದ ಟಿಬೆಟನ್ನರ ಮಠಗಳಲ್ಲಿ ಸಾವಿರಾರು ಬೋಳುತಲೆಯ ಭಿಕ್ಷುಗಳಿದ್ದಾರೆ. ಅವರು ಒಬ್ಬರ ತಲೆಯನ್ನು ಒಬ್ಬರು ಬೋಳಿಸಿಕೊಳ್ಳುತ್ತಾರೆ. ಅದೇ ಕೆಲಸ ಒಂದು ಕಡೆ ಜಾತಿಯ ಕಸುಬಾಗಿ ಹುಟ್ಟಿನೊಡನೆ ಬಂದರೆ, ಕೆಲವೇ ಮೈಲಿ ದೂರದಲ್ಲಿ ಯಾರು ಯಾರಿಗಾದರೂ ಮಾಡಿಕೊಡುವ ಸಹಾಯವಾಗಿದೆ.

ಅಂಗಡಿ ಹುಟ್ಟಲು ಮೊದಲು ತಲೆ ಬದಲಾಗಬೇಕಾಯಿತು. ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುವುದಕ್ಕೆ ಕತ್ತಿಯೊಂದೇ ಸಾಕಿತ್ತು. ಇಂಗ್ಲಿಷ್ ಶಾಲೆ, ಕಚೇರಿ, ಸೈನ್ಯಗಳ ಜೊತೆ ಬಂದ ‘ಕ್ರಾಪು’ ಕತ್ತರಿಯನ್ನೂ ಬಾಚಣಿಗೆಯನ್ನೂ ಕೈಯಲ್ಲಿ ಒತ್ತಿ ಓಡಿಸುವ ಮಿಷನ್ನನ್ನೂ ಬೇಡಿತು. ಎತ್ತರದ ಕುರ್ಚಿಯನ್ನು ಬೇಡಿತು. ಮುಖ್ಯವಾಗಿ, ಗಿರಾಕಿ ತನ್ನ ಕ್ರಾಪನ್ನು ತಾನೇ ನೋಡಿಕೊಳ್ಳಲು ದೊಡ್ಡ ಕನ್ನಡಿಯನ್ನು ಬೇಡಿತು. ಇವನ್ನೆಲ್ಲ ಹಡಪದಲ್ಲಿ ಹೊತ್ತು ತಿರುಗಲಾಗದು. ತಾಲ್ಲೂಕು ಕಚೇರಿ, ಶಾಲೆ, ಬಸ್ ನಿಲ್ದಾಣ ಇರುವ ಪೇಟೆಯಲ್ಲಿ ಬಾಡಿಗೆಯ ಕೋಣೆ ಹಿಡಿಯಬೇಕಾಯಿತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಹುಣಸೂರು ಪಿರಿಯಾಪಟ್ಟಣಗಳ ಮೂಲಕ ಹಾದುಹೋಗುವುದರಿಂದ, ಕೊಡಗಿನ ತೋಟಗಳಿಗೆ ಹೋಗಿಬರುವವರ ಓಡಾಟವೂ ಇಲ್ಲಿನ ಪೇಟೆಗಳಿಗೆ ಸೇರಿತು. ಕೃಷ್ಣರಾಜನಗರವಂತೂ ಹೊಸ ಊರೇ. ಕಾವೇರಿಯ ಪ್ರವಾಹಕ್ಕೆ ಸಿಕ್ಕ ಹಳೆಯ ಯಡತೊರೆಯ ಬಳಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ನೇರ ಬೀದಿಗಳಿಟ್ಟು ಕಟ್ಟಿದ ಪಟ್ಟಣ ಅದು. ಇಂಥ ಪೇಟೆಯಲ್ಲಿ ಮನೆಮನೆಯ ಆಯಕ್ಕಿಂತ ಬೀದಿಬದಿಯ ಅಂಗಡಿಯೇ ಸಹಜ.

ಹೀಗೆ ಬಾಗಿಲು ತೆರೆದಾಗ ಬದಲಾದದ್ದು ಜಾಗವೊಂದೇ ಅಲ್ಲ. ಇದುವರೆಗೆ ಕ್ಷೌರಿಕ ಒಕ್ಕಲಿನ ಜಗಲಿಯ ಕೆಳಗೆ ಕಾಯುತ್ತಿದ್ದ, ಈಗ ಒಕ್ಕಲು ಅವನ ಬೆಂಚಿನ ಮೇಲೆ ಸರದಿ ಕಾಯತೊಡಗಿದ. ಮೊದಲು ಬಂದವನಿಗೆ ಮೊದಲು ಕುರ್ಚಿ ಎಂಬ ನಿಯಮ, ಗೋಡೆಗೆ ತೂಗುಹಾಕಿದ ದರಪಟ್ಟಿ, ಕೈಗೆ ಬರುವ ರೊಕ್ಕ, ವಾರಕ್ಕೊಂದು ರಜೆ, ಎಲ್ಲವೂ ಹೊಸವು. ಮಂಗಳವಾರ ಕ್ಷೌರ ನಿಷಿದ್ಧವೆಂಬ ನಂಬಿಕೆಯೇ ಕರ್ನಾಟಕದ ಕ್ಷೌರದಂಗಡಿಗಳ ಮಂಗಳವಾರದ ರಜೆಯಾಗಿ ಮಾರ್ಪಟ್ಟಿತು. ಊರಿನವರು ಹೇರಿದ್ದ ನಿಷೇಧ ದುಡಿಯುವವನ ವಿಶ್ರಾಂತಿಯಾದದ್ದು ಈ ಚರಿತ್ರೆಯ ಅತ್ಯಂತ ಸುಂದರ ತಿರುವು. ಆಯವನ್ನು ಯಾವ ಕಾನೂನೂ ನೇರವಾಗಿ ರದ್ದು ಮಾಡಲಿಲ್ಲ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಹೋದವು. ಕ್ಷೌರಿಕನ ಆಯ ಮಾತ್ರ ಮನೆಯಿಂದ ಮನೆಗೆ ತಾನಾಗಿ ಬತ್ತಿತು. ನೆಲವೇ ನೀರಿನಡಿಗೆ ಹೋದ ಊರುಗಳೂ ಇವೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿ ಒಕ್ಕಲುಗಳು ಚದುರಿದವು. ಮನೆಗಳ ಪಾಲನ್ನೇ ನಂಬಿದ ಕಸುಬಿಗೆ ಇಂಥ ಚದುರುವಿಕೆಯ ನಂತರ ಹಳೆಯ ಲೆಕ್ಕ ಉಳಿಯುವಂತಿರಲಿಲ್ಲ.

ತಂಬಾಕು ಇದಕ್ಕೆ ಇನ್ನೊಂದು ಬಲ ಕೊಟ್ಟಿತು. ಈ ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ಮುಖ್ಯ ಸೀಮೆ. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಯಿತು, ಮುಂದೆ ಹರಾಜು ಮಾರುಕಟ್ಟೆಗಳು ಬಂದವು. ಹರಾಜಿನ ತಿಂಗಳುಗಳಲ್ಲಿ ರೈತನ ಕೈಗೆ ದವಸದ ಬದಲು ರೊಕ್ಕ ಬಂತು, ಪೇಟೆಗೆ ಬರುವ ಕಾರಣವೂ ಬಂತು. ಬೇಲು ಇಳಿಸಿ ಬಂದ ರೈತ ಕುರ್ಚಿಯಲ್ಲಿ ಕೂತಾಗ ಅಂದಿನ ದರವೂ ಅವನ ಜೊತೆಯಲ್ಲೇ ಅಂಗಡಿಯೊಳಗೆ ಬರುತ್ತಿತ್ತು. ಯಾವ ದರ್ಜೆಯ ಎಲೆಗೆ ಎಷ್ಟು ಸಿಕ್ಕಿತು, ಯಾರ ಬೇಲು ತಿರಸ್ಕೃತವಾಯಿತು ಎಂಬುದು ಬೆಂಚಿನ ಮೇಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು.

ಬೆಂಚಿನ ಮಾತಿಗೆ ಇಂಬಾದದ್ದು ಪತ್ರಿಕೆ ಮತ್ತು ರೇಡಿಯೊ. ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಆರಂಭಿಸಿದ ಬಾನುಲಿಯಿಂದ ಬಂದದ್ದು. ಹಳ್ಳಿಯ ಮನೆಗಳಿಗೆ ದಿನಪತ್ರಿಕೆ ಅಪರೂಪವಾಗಿದ್ದಾಗ ಅಂಗಡಿಗೆ ಬರುವ ಒಂದು ‘ಪ್ರಜಾವಾಣಿ’ಯ, ಆಮೇಲೆ ಮೈಸೂರಿನ ‘ಆಂದೋಲನ’ದ, ಹಾಳೆಗಳು ಬಿಡಿಬಿಡಿಯಾಗಿ ನಾಲ್ಕಾರು ಕೈಗಳಲ್ಲಿರುತ್ತಿದ್ದವು. ಓದಲು ಬಾರದವನಿಗೆ ಓದಿ ಹೇಳುವವನು ಸಿಗುತ್ತಿದ್ದ. ಸಿನಿಮಾ ಪತ್ರಿಕೆಗಳ ಪುಟ ಕತ್ತರಿಸಿ ಅಂಟಿಸಿದ ರಾಜ್‌ಕುಮಾರ್, ವಿಷ್ಣುವರ್ಧನ್ ಚಿತ್ರಗಳು ಗೋಡೆಗೆ ಅಲಂಕಾರವೂ ಹೌದು, ಯುವಕರು ಬೊಟ್ಟು ಮಾಡಿ ‘ಇಂಥದ್ದು ಮಾಡಿ’ ಎನ್ನುವ ಮಾದರಿಯೂ ಹೌದು. ಹೆಣ್ಣು ಗಂಡಿನ ವಿಚಾರ, ಮಾರಾಟಕ್ಕಿರುವ ಎತ್ತು, ಖಾಲಿಯಿರುವ ಮನೆ, ಕಾಯಿಲೆ ಬಿದ್ದವರ ಸುದ್ದಿ, ಚುನಾವಣೆಯ ಲೆಕ್ಕಾಚಾರ ಎಲ್ಲವೂ ಇಲ್ಲಿ ಹಾದುಹೋಗುತ್ತಿದ್ದವು. ಎಲ್ಲವನ್ನೂ ಕೇಳಿಸಿಕೊಂಡು ಯಾವುದನ್ನು ಯಾರಿಗೆ ಹೇಳಬಾರದೆಂದು ತಿಳಿದಿರುವುದು ಈ ಕಸುಬಿನ ಬರೆಯದ ಶಿಸ್ತು. ಮನೆಯೂ ಅಲ್ಲದ ದುಡಿಮೆಯ ಜಾಗವೂ ಅಲ್ಲದ ಇಂಥ ಕೂಟದ ತಾಣಗಳನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ‘ಮೂರನೆಯ ತಾಣ’ ಎಂದು ಕರೆದರು. ಆ ಮಾತು ಗಿರಾಕಿಗೆ ಒಪ್ಪುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ನಿಂತು ಕಾಲಿನ ನರ ಉಬ್ಬಿಸಿಕೊಂಡವನಿಗೆ ಅದು ದುಡಿಮೆಯ ಜಾಗವೇ.

ಗಡ್ಡ ಹೆರೆದ ಮೇಲೆ ಪಟಿಕದ ಕಲ್ಲು ಉಜ್ಜಿದಾಗಿನ ಚುರುಕು, ಕತ್ತಿನ ಹಿಂದೆ ಪೌಡರು, ಅಂಗೈಯಿಂದ ತಲೆ ತಟ್ಟಿ ಕೊನೆಗೆ ಕತ್ತು ತಿರುಗಿಸಿ ತೆಗೆಯುವ ನೆಟಿಗೆ, ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆಯಿಟ್ಟು ಕೂರಿಸಿದಾಗ ಎದುರುಬದುರು ಕನ್ನಡಿಗಳಲ್ಲಿ ಕೊನೆಯಿಲ್ಲದೆ ಕಾಣುವ ತನ್ನದೇ ತಲೆಗಳು. ಹಂಬಲದ ಮಾತುಗಳಲ್ಲಿ ಮತ್ತೆ ಮತ್ತೆ ಬರುವುದು ಇವೇ. ಇವೆಲ್ಲ ಮೈ ಉಳಿಸಿಕೊಂಡ ನೆನಪುಗಳು, ಸುಳ್ಳಲ್ಲ. ಇವೆಲ್ಲ ಗಂಡಸರ ನೆನಪುಗಳು ಎಂಬುದೂ ಅಷ್ಟೇ ನಿಜ. ಹೆಂಗಸರಿಗೆ ಈ ಬೆಂಚಿನಲ್ಲಿ ಜಾಗವಿರಲಿಲ್ಲ.

ಇನ್ನೂ ಕಠಿಣವಾದ ಸತ್ಯ ಬೇರೆಯಿದೆ. ಊರಿನ ಕ್ಷೌರಿಕ ದಲಿತರ ಕೇರಿಗೆ ಹೋಗುವಂತಿರಲಿಲ್ಲ. ಅಂಗಡಿ ಬಂದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಕುರ್ಚಿ ಸಿಗಲಿಲ್ಲ. ಅಂಗಡಿಗಳಲ್ಲಿ ಜಾತಿಯ ಕಾರಣಕ್ಕೆ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳಿತು, 17ನೇ ವಿಧಿ ಅಸ್ಪೃಶ್ಯತೆಯನ್ನೇ ನಿಷೇಧಿಸಿತು, 1955ರ ಕಾಯ್ದೆ ಇಂಥ ನಿರಾಕರಣೆಯನ್ನು ಅಪರಾಧವೆಂದು ಸಾರಿತು. ಆದರೂ 2020ರ ನವೆಂಬರಿನಲ್ಲಿ ಇದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹಲ್ಲರೆಯಿಂದ ಸುದ್ದಿ ಬಂತು: ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕಾಗಿ ತನಗೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕರಿಸಿದರೆಂದು ಕ್ಷೌರಿಕರೊಬ್ಬರು ದೂರಿದ್ದರು. ಅಂಗಡಿಯ ಕದ ಕ್ಷೌರಿಕನದಾದರೂ ಒಳಗೆ ಯಾರನ್ನು ಬಿಡಬೇಕೆಂಬ ತೀರ್ಮಾನ ಊರಿನ ಬಲಾಢ್ಯರ ಕೈಯಲ್ಲೇ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ತಾರತಮ್ಯ ತಡೆಯಲು ಗ್ರಾಮ ಪಂಚಾಯಿತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯುವ ಪ್ರಸ್ತಾವವೂ ಅದೇ ವರ್ಷ ಸಮಾಜ ಕಲ್ಯಾಣ ಇಲಾಖೆಯ ಮುಂದೆ ಬಂದಿತ್ತು. ತಾನೂ ಅವಮಾನ ಉಂಡ ಸಣ್ಣ ಸಮುದಾಯವೊಂದು ತನಗಿಂತ ಕೆಳಗೆ ತಳ್ಳಲ್ಪಟ್ಟವರನ್ನು ಹೊರಗಿಡುವ ಬೇಲಿಯಾಗಬೇಕಾಗಿ ಬಂದದ್ದು ಜಾತಿವ್ಯವಸ್ಥೆಯ ನಿಜವಾದ ಕೆಡುಕು.

ಇದೇ ಸೀಮೆಯಿಂದ ಬಂದ ರಾಜಕಾರಣಕ್ಕೂ ಈ ಕಥೆಯಲ್ಲಿ ಪಾಲಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದ 1972ರಲ್ಲೇ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು, 1975ರಲ್ಲಿ ವರದಿ ಬಂತು. ಭೂಮಿಯ ಬಲವೂ ಸಂಖ್ಯೆಯ ಬಲವೂ ಇಲ್ಲದೆ ಊರಿಗೊಂದೆರಡು ಮನೆಯಂತೆ ಹಂಚಿಹೋಗಿದ್ದ ಕಸುಬಿನ ಸಮುದಾಯಗಳಿಗೆ ಶಾಲೆ, ನೌಕರಿಯ ಬಾಗಿಲು ತೆರೆದದ್ದು ಆ ದಾರಿಯಲ್ಲಿ. ಇಂದು ಸವಿತಾ ಸಮಾಜ ರಾಜ್ಯದ ಮೀಸಲಾತಿ ಪಟ್ಟಿಯ ಪ್ರವರ್ಗ 2ಎಯಲ್ಲಿದೆ. ಓದಿದ ಮಗ ಕತ್ತರಿ ಹಿಡಿಯದಿದ್ದಾಗ ಅಂಗಡಿ ಮುಚ್ಚುತ್ತದೆ. ಗಿರಾಕಿಗೆ ಅದು ನಷ್ಟದ ಸುದ್ದಿ, ಆ ಮನೆಗೆ ಹಾಗಿರಬೇಕಿಲ್ಲ.

ಅಂಗಡಿಯ ಒಳಗಿನ ಬದಲಾವಣೆಗಳು ಬೇಗ ಬೇಗ ಬಂದವು. 1970ರ ದಶಕದಲ್ಲಿ ಉದ್ದಗೂದಲಿನ ಹುಚ್ಚು ಹಿಡಿದಾಗ ಯುವಕರು ಕುರ್ಚಿಗೆ ಬರುವುದೇ ತಡವಾಯಿತು. ಸೇಫ್ಟಿ ರೇಜರ್ ಮನೆಮನೆಗೂ ಬಂದು ಗಡ್ಡದ ಗಿರಾಕಿಗಳು ಕಡಿಮೆಯಾದರು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದ ಬಳಿಕ, ಮುಂದಿನ ದಶಕದ ಜಾಗೃತಿ ಪ್ರಚಾರದಲ್ಲಿ ‘ಹೊಸ ಬ್ಲೇಡು ಹಾಕಿ’ ಎಂಬ ಮಾತು ಎಲ್ಲ ಅಂಗಡಿಗಳಲ್ಲೂ ಕೇಳತೊಡಗಿತು. ಪಟ್ಟಿಗೆ ಮಸೆಯುವ ಕತ್ತಿ ಮೂಲೆ ಸೇರಿ, ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು. ಅದರೊಂದಿಗೆ ಸಾಣೆ ಹಿಡಿಯುವ ವಿದ್ಯೆಯೂ ಮರೆಯಾಯಿತು. ಮಿಷನ್ ವಿದ್ಯುತ್ತಿಗೆ ತಿರುಗಿತು. ಮದುವೆಮನೆಯ ವಾಲಗದ ಪಕ್ಕದಲ್ಲಿ ಬ್ಯಾಂಡ್‌ಸೆಟ್ಟು ನಿಂತಿತು. ಶಬರಿಮಲೆ ಮಾಲೆ ಧರಿಸುವವರು ಹೆಚ್ಚಿದಂತೆ ಅವರ ವ್ರತದ ದಿನಗಳು ಅಂಗಡಿಗೆ ಬಡ ತಿಂಗಳಾದವು.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿದಾಗ ಈ ಕಸುಬಿಗೆ ಬಿದ್ದ ಪೆಟ್ಟು ವಿಶೇಷವಾದದ್ದು, ಏಕೆಂದರೆ ಮುಟ್ಟದೆ ಮಾಡಲಾಗದ ಕೆಲಸ ಇದು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಕಸುಬಿನ ಗಾತ್ರ ಎಷ್ಟು ದೊಡ್ಡದೆಂದು ಬಹಳ ಜನಕ್ಕೆ ತಿಳಿದದ್ದು ಆ ಅಂಕಿಯಿಂದ. ಆ ತಿಂಗಳುಗಳಲ್ಲಿ ಮನೆಯಂಗಳದಲ್ಲಿ ಅಪ್ಪ ಮಗನ ತಲೆ ಕತ್ತರಿಸಿದ, ಕೆಲವೆಡೆ ಕ್ಷೌರಿಕರೇ ಚೀಲ ಹಿಡಿದು ಮನೆಗಳಿಗೆ ಹೋದರು. ಹಡಪದ ಕಾಲ ತುಸು ಹೊತ್ತು ಮರಳಿ ಬಂದಂತಿತ್ತು, ಕೂಲಿಯನ್ನು ಮಾತ್ರ ಈ ಸಲ ಕೈಗೇ ಕೊಟ್ಟರು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಒಂದು. ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಅದರಲ್ಲಿ ಸೇರಿವೆ.

ಈಗ ತಾಲ್ಲೂಕು ಪೇಟೆಗಳಲ್ಲೂ ಗಾಜಿನ ಬಾಗಿಲು, ತಂಪು ಗಾಳಿ, ತಿರುಗುವ ಕುರ್ಚಿಗಳಿರುವ ಸಲೂನ್‌ಗಳು ಬರುತ್ತಿವೆ. ಕತ್ತರಿ ಹಿಡಿದವರಲ್ಲಿ ಉತ್ತರ ಭಾರತದಿಂದ ಬಂದ ಹುಡುಗರೂ ಇದ್ದಾರೆ. ಸರದಿ ಕಾಯುವವರ ಕಣ್ಣು ಮೊಬೈಲ್‌ನಲ್ಲಿರುತ್ತದೆ, ಹಾಳೆ ಹಂಚಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಹಳೆಯ ಕಟಿಂಗ್ ಶಾಪುಗಳೂ ಪೂರ್ತಿ ಹೋಗಿಲ್ಲ. ಸಂತೆಯ ದಿನ ಹಳ್ಳಿಯಿಂದ ಬರುವ ಹಿರಿಯರು ಗೊತ್ತಿರುವ ಕೈಯನ್ನೇ ಹುಡುಕಿಕೊಂಡು ಹೋಗುತ್ತಾರೆ, ಭಾನುವಾರ ಬೆಂಚು ತುಂಬುತ್ತದೆ, ಮಂಗಳವಾರ ಆ ಬಾಗಿಲುಗಳು ಮುಚ್ಚಿರುತ್ತವೆ.